ಉಪ್ಪುನೀರಿನ ಅಕ್ವೇರಿಯಂ: ಪಾಚಿ ತೆಗೆಯುವ ಆತುರದಲ್ಲಿ ಮೀನು ಸಾಯದಿರಲಿ

ಕಡಲಿನ ಬಣ್ಣದ ಮೀನುಗಳನ್ನು ಮನೆಯಲ್ಲಿ ಸಾಕುವವರಿಗೆ ಮೊದಲ ಕೆಲವು ತಿಂಗಳಲ್ಲೇ ಎದುರಾಗುವ ತಲೆನೋವು ಪಾಚಿ. ಮಲಯಾಳದಲ್ಲಿ ಪಾಯಲ್ ಎನ್ನುವ ಈ ಹಸಿರು ಕೂದಲು ಕಲ್ಲು, ಗಾಜು, ಪಂಪು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಕಂಡ ಕೂಡಲೇ ಪಾಚಿನಾಶಕ ಸುರಿಯುವುದು ಅಪಾಯ. ಒಮ್ಮೆಲೇ ಸತ್ತ ಪಾಚಿ ಟ್ಯಾಂಕಿನೊಳಗೇ ಕೊಳೆತು ನೀರಿನ ಆಮ್ಲಜನಕ ಇಳಿಯುತ್ತದೆ, ಅಮೋನಿಯಾ ಏರುತ್ತದೆ. ಬೆಳಗಾಗುವಾಗ ಮೀನು ಮೇಲೆ ತೇಲುತ್ತಿರುತ್ತದೆ.

ಗೊಬ್ಬರ ಹೆಚ್ಚಾದ ಗದ್ದೆಯಲ್ಲಿ ಕಳೆ ಏಳುವಂತೆಯೇ ಇದು. ಮೀನಿನ ಹಿಕ್ಕೆ ಮತ್ತು ತಿನ್ನದೆ ಉಳಿದ ಆಹಾರದಿಂದ ಬರುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಆಹಾರದಿಂದ ಫಾಸ್ಫೇಟ್ ಕೂಡಾ ಸೇರುತ್ತದೆ. ಇವೆರಡೇ ಪಾಚಿಯ ಗೊಬ್ಬರ.

ಇಲ್ಲೊಂದು ಮೋಸವಿದೆ. ಟ್ಯಾಂಕ್ ತುಂಬಾ ಪಾಚಿ ಇದ್ದರೂ ಟೆಸ್ಟ್ ಕಿಟ್‌ನಲ್ಲಿ ನೈಟ್ರೇಟ್ ಸೊನ್ನೆ ಎಂದು ಬರಬಹುದು. ನೀರಿನಲ್ಲಿದ್ದುದನ್ನು ಪಾಚಿಯೇ ಹೀರಿಕೊಂಡಿರುತ್ತದೆ, ಅಷ್ಟೆ. ಅದನ್ನು ಕಿತ್ತು ತೆಗೆದ ಮೇಲೆ ಹೀರುವವರಿಲ್ಲದೆ ಪ್ರಮಾಣ ಏರುವುದೂ ಉಂಟು. ಆದುದರಿಂದ ಪಾಚಿ ತೆಗೆದ ನಂತರದ ಎರಡು ಮೂರು ವಾರ ಪರೀಕ್ಷೆ ತಪ್ಪಿಸಬಾರದು.

ತೆಗೆಯುವುದಕ್ಕೆ ಕೈಗಿಂತ ಉತ್ತಮ ಸಾಧನವಿಲ್ಲ. ಪಂಪು ನಿಲ್ಲಿಸಿ, ಕಲ್ಲನ್ನು ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ, ತುಂಡುಗಳು ಹರಡುವ ಮೊದಲೇ ಪೈಪಿನಿಂದ ನೀರಿನೊಂದಿಗೆ ಹೊರಗೆಳೆಯಬೇಕು. ಒಂದೇ ದಿನ ಪೂರ್ತಿ ಮಾಡುವ ಹಠ ಬೇಡ, ವಾರಕ್ಕೊಂದು ಮೂಲೆ ಸಾಕು. ನೀರು ಬದಲಿಸಿದರೆ ಎಲ್ಲ ಸರಿಯಾಯಿತೆಂಬ ಲೆಕ್ಕವೂ ತಪ್ಪು. ನೂರು ಲೀಟರಿನ ಟ್ಯಾಂಕಿನಲ್ಲಿ ಲೀಟರಿಗೆ 40 ಮಿಲಿಗ್ರಾಂ ನೈಟ್ರೇಟ್ ಇದ್ದು, 20 ಲೀಟರ್ ಶುದ್ಧ ಉಪ್ಪುನೀರು ಬದಲಿಸಿದರೆ ಅದು 32ಕ್ಕೆ ಮಾತ್ರ ಇಳಿಯುತ್ತದೆ. ಇನ್ನೊಮ್ಮೆ ಬದಲಿಸಿದರೆ ಸುಮಾರು 26. ಫಾಸ್ಫೇಟ್ ಇನ್ನೂ ಹಠಮಾರಿ. ಕಲ್ಲು, ಮರಳಿನಲ್ಲಿ ಅಂಟಿಕೊಂಡದ್ದು ನೀರಿನಲ್ಲಿ ಕಡಿಮೆಯಾದಂತೆ ಮತ್ತೆ ಬಿಡುಗಡೆಯಾಗುತ್ತದೆ.

ಆವಿಯಾದ ನೀರಿನ ಬದಲಿಗೆ ಬಾವಿನೀರು ಸುರಿಯುವವರು ಅದನ್ನೂ ಪರೀಕ್ಷಿಸುವುದು ಒಳ್ಳೆಯದು. ತೋಟಕ್ಕೆ ಹಾಕಿದ ಗೊಬ್ಬರ ಬಾವಿಗೂ ಇಳಿದಿರಬಹುದು. ನೀರು ಆವಿಯಾದರೂ ನೈಟ್ರೇಟ್ ಟ್ಯಾಂಕಿನಲ್ಲೇ ಉಳಿಯುತ್ತದೆ, ಪ್ರತಿ ಕೊಡದೊಂದಿಗೆ ಹೆಚ್ಚುತ್ತದೆ. ಆರ್.ಓ. ನೀರು ಸುರಕ್ಷಿತ. ಕಡಲಿನಿಂದಲೇ ನೀರು ತರುವವರು ಮಳೆಗಾಲದಲ್ಲಿ ಅಳಿವೆಯ ಹತ್ತಿರ ತುಂಬಿಸಬಾರದು. ಹೊಳೆ ಸೇರಿ ಉಪ್ಪಿನಂಶ ಇಳಿದಿರುತ್ತದೆ, ಕೆಸರಿನೊಂದಿಗೆ ಪೋಷಕಾಂಶವೂ ಬಂದಿರುತ್ತದೆ.

ಹಾಗೆಂದು ಎಲ್ಲವನ್ನೂ ಸೊನ್ನೆಗೆ ಇಳಿಸುವುದೇ ಗುರಿಯಾಗಬಾರದು. ಫಾಸ್ಫೇಟ್ ಹೀರುವ ಕಬ್ಬಿಣದ ಹರಳುಗಳನ್ನು ಸಿಕ್ಕಾಪಟ್ಟೆ ಹಾಕಿದಾಗ ಹಸಿರು ಪಾಚಿ ಹೋಗಿ, ಗುಳ್ಳೆ ತುಂಬಿದ ಕಂದು ಲೋಳೆ ಬರುವುದುಂಟು. ಇದು ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ. ಇದರ ಕೆಲವು ಜಾತಿಗಳ ವಿಷಕ್ಕೆ ಪಾಚಿ ತಿನ್ನುವ ಬಸವನಹುಳುಗಳೇ ಸಾಯುತ್ತವೆ. ಹಳೆಯ ಪಾಚಿಯೇ ವಾಸಿಯಿತ್ತು ಅನ್ನಿಸುವಷ್ಟು ಕಾಟ. ಮೀನು ಮಾತ್ರ ಇರುವ ಟ್ಯಾಂಕಿನಲ್ಲಿ ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂ ಇದ್ದರೂ ಗಾಬರಿ ಬೇಡ. ಸೀ ಅನಿಮೋನ್‌ನಂಥ ಸೂಕ್ಷ್ಮ ಜೀವಿಗಳಿದ್ದರೆ ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಮಿಲಿಗ್ರಾಂ ಸಾಮಾನ್ಯವಾಗಿ ಹಿತ. ಅಲ್ಲಿಗೆ ವಾರಗಟ್ಟಲೆ ಸಮಯ ಕೊಟ್ಟು ತಲುಪಬೇಕು.

ಕೆಂಪು ಲೋಳೆಯಂತೆ ಮರಳಿನ ಮೇಲೆ ಹಾಸುವುದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಅದಕ್ಕೆ ಆಂಟಿಬಯೋಟಿಕ್ ಹಾಕಿದರೆ ಅಮೋನಿಯಾ ಶುದ್ಧಿ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬೀಳಬಹುದು.

ದಿನಕ್ಕೆ ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಆಹಾರ, ಎಂಟು ಗಂಟೆ ಬೆಳಕು, ಕಿಟಕಿಯ ಬಿಸಿಲಿನಿಂದ ದೂರ. ಇಷ್ಟಾದರೆ ಅರ್ಧ ಕೆಲಸ ಮುಗಿಯಿತು. ಬೇರೆ ತೊಟ್ಟಿಯಲ್ಲಿ ಕೀಟೊಮಾರ್ಫಾ ಎಂಬ ನಿರುಪದ್ರವಿ ಪಾಚಿಯನ್ನು ಬೆಳೆಸಿ ಆಗಾಗ ಕತ್ತರಿಸಿ ತೆಗೆಯುವವರೂ ಇದ್ದಾರೆ. ಗೊಬ್ಬರ ಅದರೊಂದಿಗೇ ಹೊರಹೋಗುತ್ತದೆ.

ತೆಗೆದ ಪಾಚಿಯನ್ನು ಒಣಗಿಸಿ ಎಸೆಯಬೇಕೇ ಹೊರತು ಕಡಲಿಗೆ, ಹೊಳೆಗೆ ಬಿಡಬಾರದು. 1984ರಲ್ಲಿ ಮೊನಾಕೊದ ಸಾಗರ ಮ್ಯೂಸಿಯಂ ಬಳಿ ಕಾಣಿಸಿಕೊಂಡ ಕಾಲೆರ್ಪಾ ಎಂಬ ಅಕ್ವೇರಿಯಂ ಪಾಚಿ ಮೆಡಿಟರೇನಿಯನ್ ತಳದಲ್ಲಿ ಸಾವಿರಾರು ಎಕರೆ ಹಬ್ಬಿತು. ಹಳೆಯ ಉಪ್ಪುನೀರನ್ನು ಬಾವಿಕಟ್ಟೆಯ ಹತ್ತಿರವೂ ಚೆಲ್ಲಬಾರದು.