ಹಸುವಿನ ಮೈಸೇವೆ: ಮಕ್ಕಳ ಕೈಗೆ ಎಂತಹ ಕ್ಲಿಪ್ಪರು?

ದೀಪಾವಳಿಯ ಬಲಿಪಾಡ್ಯದಂದು ನಮ್ಮ ಮಂಜೇಶ್ವರದ ಸುತ್ತುಮುತ್ತಲಿನ ಮನೆಗಳಲ್ಲಿ ದನಕರುಗಳನ್ನು ಮೀಯಿಸಿ, ಹೂಮಾಲೆ ತೊಡಿಸಿ, ಗೋಪೂಜೆ ನಡೆಸುವುದನ್ನು ಕಾಣದ ವಿದ್ಯಾರ್ಥಿಗಳು ವಿರಳ. ಅಂದು ಹಸುವಿನ ಮೈ ತೊಳೆಯಲು ಮಕ್ಕಳೇ ಮುಂದಾಗುತ್ತಾರೆ. ಆದರೆ ಹಸುವಿನ ಮೈಸೇವೆಯು ಒಂದು ದಿನದ ಉತ್ಸವವಲ್ಲ. ಅದು ಅದರ ಆರೋಗ್ಯದ ನಿತ್ಯನಿಯಮ. ಈ ಕೆಲಸವನ್ನು ಕಲಿಯುವ ಮಕ್ಕಳಿಗೆ ಕೂದಲು ಕತ್ತರಿಸುವ ಕ್ಲಿಪ್ಪರನ್ನು ಕೊಡಿಸಬಹುದೇ, ಕೊಡಿಸುವುದಾದರೆ ಎಂತಹುದನ್ನು ಎಂದು ಕೆಲವು ಮಾತಾಪಿತರು ವಿಚಾರಿಸಿದ್ದುಂಟು. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮೊದಲನೆಯ ಪ್ರಶ್ನೆ, ಕ್ಲಿಪ್ಪರು ಬೇಕೇ ಎಂಬುದು. ಚಳಿಯ ದೇಶಗಳ ದನಗಳಿಗೆ ದಟ್ಟವಾದ ಉದ್ದ ರೋಮವಿರುತ್ತದೆ. ಅಮೇರಿಕದಲ್ಲಿ 'ಫೋರ್-ಎಚ್' ಎಂಬ ಬಾಲಸಂಘಗಳ ಮಕ್ಕಳು ತಾವು ಸಾಕಿದ ಕರುಗಳ ಮೈಗೂದಲನ್ನು ಕತ್ತರಿಸಿ, ಓರಣಗೊಳಿಸಿ, ಪ್ರದರ್ಶನಕ್ಕೆ ಒಯ್ಯುತ್ತಾರೆ. ನಮ್ಮ ಕಾಸರಗೋಡು ಗಿಡ್ಡ ತಳಿಯ ಹಸುವಿನ ಕೂದಲಾದರೋ ಮೋಟಾಗಿ ನುಣುಪಾಗಿದ್ದು, ಬಿಸಿಲಿನಿಂದ ಚರ್ಮವನ್ನು ರಕ್ಷಿಸುತ್ತದೆ. ಆದುದರಿಂದ ಇದರ ಮೈಯೆಲ್ಲವನ್ನೂ ಬೋಳಿಸುವ ಅಗತ್ಯವಿಲ್ಲ, ಬೋಳಿಸಲೂ ಬಾರದು. ಬದಿಯಡ್ಕದ ಸಮೀಪದ ಬೇಳದಲ್ಲಿ ಈ ತಳಿಯ ಸಂರಕ್ಷಣೆಗೆಂದೇ ಸರಕಾರಿ ಕ್ಷೇತ್ರವಿದೆ. ಅದನ್ನು ನೋಡಿ ಬರುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ.

ಹಾಗಾದರೆ ಕತ್ತರಿಸಬೇಕಾದದ್ದು ಎಲ್ಲಿ? ಕೆಚ್ಚಲಿನ ಮೇಲಣ ಉದ್ದ ಕೂದಲಿಗೆ ಸೆಗಣಿ ಅಂಟಿ, ಕರೆಯುವಾಗ ಕೊಳೆಯು ಹಾಲಿಗೆ ಬೀಳುತ್ತದೆ, ಅದನ್ನು ಕತ್ತರಿಸಬೇಕು. ಬಾಲದ ತುದಿಯಲ್ಲಿ ಗಂಟುಕಟ್ಟಿದ ಭಾಗವನ್ನಷ್ಟೇ ತೆಗೆಯಬೇಕು. ಬಾಲದ ಕುಚ್ಚು ನೊಣವೋಡಿಸುವ ಚಾಮರವಾದುದರಿಂದ ಅದನ್ನು ಪೂರ್ತಿ ಕತ್ತರಿಸುವುದು ಹಸುವಿಗೆ ಮಾಡುವ ಅನ್ಯಾಯ. ಗಾಯವಾದಲ್ಲಿ ಮದ್ದು ಹಚ್ಚಲು ಸುತ್ತಣ ಕೂದಲನ್ನು ಪಶುವೈದ್ಯರ ಸೂಚನೆಯಂತೆ ತೆಗೆಯಬೇಕು. ಮಿಶ್ರತಳಿಯ ಹಸುಗಳಲ್ಲಿ ಕೂದಲು ಉದ್ದವಾಗಿದ್ದರೆ ಕೆಲಸ ತುಸು ಹೆಚ್ಚು. 1963ರಲ್ಲಿ ಮಾಟ್ಟುಪೆಟ್ಟಿಯಲ್ಲಿ ಭಾರತ-ಸ್ವಿಸ್ ಯೋಜನೆ ಆರಂಭವಾದ ಬಳಿಕ ಇಂತಹ ಹಸುಗಳು ಕೇರಳದಲ್ಲಿ ಹೆಚ್ಚಿದುವು.

ಕೊಳ್ಳುವಾಗ ನಾಲ್ಕು ಅಂಶಗಳನ್ನು ಪರೀಕ್ಷಿಸಬೇಕು. ಒಂದು, ಭಾರ: ಮಗುವು ಒಂದೇ ಕೈಯಲ್ಲಿ ಐದು ನಿಮಿಷ ನಡುಗದೆ ಹಿಡಿಯಬಲ್ಲಷ್ಟು ಹಗುರವಾಗಿರಬೇಕು. ಎರಡು, ಸದ್ದು: ಗದ್ದಲ ಕಡಿಮೆಯಾದಷ್ಟೂ ಹಸು ಬೆದರುವುದು ಕಡಿಮೆ. ಮೂರು, ಅಲಗು: ಕುರಿಯ ಉಣ್ಣೆ ಕತ್ತರಿಸುವ ಯಂತ್ರದ ಹಲ್ಲುಗಳು ವಿರಳವಾಗಿದ್ದು, ನಡುವೆ ಚರ್ಮ ಸಿಕ್ಕಿ ಗಾಯವಾಗಬಹುದು, ದನಗಳಿಗೆಂದೇ ಮಾಡಿದ ಒತ್ತುಹಲ್ಲಿನ ಅಲಗನ್ನೇ ಆರಿಸಬೇಕು. ನಾಲ್ಕು, ವಿದ್ಯುತ್ತು: ಇದೇ ಅತಿಮುಖ್ಯ. ನಮ್ಮ ಹಟ್ಟಿಗಳ ನೆಲ ಆಷಾಢದಲ್ಲಂತೂ ಸದಾ ತೇವ. ತಂತಿಯ ಮೂಲಕ 230 ವೋಲ್ಟಿನ ವಿದ್ಯುತ್ತನ್ನು ಅಲ್ಲಿಗೆ ಒಯ್ಯುವುದು ಮಗುವಿಗೂ ಹಸುವಿಗೂ ಪ್ರಾಣಾಪಾಯ. ಮಕ್ಕಳಿಗೆ ಬ್ಯಾಟರಿಯದೇ ಕ್ಷೇಮ. ಅದನ್ನೂ ಒಣನೆಲದಲ್ಲಿ, ಹಿರಿಯರ ಎದುರಿನಲ್ಲಿಯೇ ಬಳಸಬೇಕು.

ಯಂತ್ರ ಎಷ್ಟು ಒಳ್ಳೆಯದಾದರೂ ಪಾಲನೆಯಿಲ್ಲದೆ ಕೆಡುತ್ತದೆ. ಒಮ್ಮೆ ನಮ್ಮ ನೆರೆಯ ಬಾಲಕನೊಬ್ಬನು ಎಣ್ಣೆ ಹಾಕದ ಹಳೆಯ ಕ್ಲಿಪ್ಪರಿನಿಂದ ಕೆಚ್ಚಲಿನ ಕೂದಲು ತೆಗೆಯಹೊರಟನು. ಅಲಗು ಕಾಯ್ದು, ಕೂದಲನ್ನು ಕತ್ತರಿಸುವ ಬದಲು ಜಗ್ಗಿತು. ಹಸು ಒದೆಯಿತು, ದೈವವಶಾತ್ ಪೆಟ್ಟು ತಗಲಿದ್ದು ಬಾಲ್ದಿಗೆ ಮಾತ್ರ. ಆ ಬಳಿಕ ಅನೇಕ ದಿನ ಅದು ಅವನನ್ನು ಹತ್ತಿರ ಬರಗೊಡಲಿಲ್ಲ. ತಪ್ಪು ಹಸುವಿನದಲ್ಲ. ಆದುದರಿಂದ ಆಗಾಗ ಅಲಗನ್ನು ಕೈಯ ಹಿಂಬದಿಗೆ ತಾಗಿಸಿ ನೋಡಬೇಕು, ಬಿಸಿಯಾಗಿದ್ದರೆ ನಿಲ್ಲಿಸಬೇಕು. ಹೊಲಿಗೆಯಂತ್ರದ ತೆಳು ಎಣ್ಣೆಯ ಕೆಲವು ಹನಿ ಸಾಕು. ಮನೆಯಲ್ಲಿದೆಯೆಂದು ತೆಂಗಿನೆಣ್ಣೆ ಹಾಕಿದರೆ ಧೂಳು ಸೇರಿ ಜಿಡ್ಡುಗಟ್ಟುತ್ತದೆ. ಗಜಕರ್ಣದಂತಹ ಚರ್ಮರೋಗ ದನದಿಂದ ದನಕ್ಕೂ ಮನುಷ್ಯರಿಗೂ ಹರಡುವುದರಿಂದ, ಒಂದು ಹಸುವಿಗೆ ಬಳಸಿದ ಅಲಗನ್ನು ಶುದ್ಧಗೊಳಿಸದೆ ಇನ್ನೊಂದಕ್ಕೆ ತಾಗಿಸಬಾರದು. ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯಬೇಕು.

ವಿದ್ಯಾರ್ಥಿಮಿತ್ರರೇ, ಕಲಿಕೆಗೂ ಒಂದು ಕ್ರಮವಿದೆ. ಮೊದಲ ಕೆಲವು ತಿಂಗಳು ಕ್ಲಿಪ್ಪರು ಬೇಡ. ಒಂದು ಬ್ರಶ್ಶು, ಇಲ್ಲವೆ ತೆಂಗಿನ ನಾರಿನ ಮೃದುವಾದ ಉಂಡೆ ಸಾಕು. ಹಸುವಿನ ಹೆಸರು ಹಿಡಿದು ಕರೆಯುತ್ತಾ ಹೆಗಲ ಬಳಿ ನಿಂತು, ಕೂದಲು ಮಲಗಿರುವ ದಿಕ್ಕಿನಲ್ಲಿ ಉಜ್ಜಿರಿ. ಹಸುವು ಕಾಲನ್ನು ಪಕ್ಕಕ್ಕೂ ಬೀಸಿ ಒದೆಯುವುದೆಂಬುದನ್ನು ಮರೆಯದಿರಿ. ಅನಂತರ ಯಂತ್ರದ ಸದ್ದನ್ನು ದೂರದಿಂದ ಕೇಳಿಸಿ. ನಿಲ್ಲಿಸಿದ ಯಂತ್ರವನ್ನು ಬೆನ್ನಿಗೆ ತಾಗಿಸಿ. ಅದು ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿದ್ದರೆ ಮಾತ್ರ ಮುಂದುವರಿಯಿರಿ. ಕೆಚ್ಚಲಿನ ಕೆಲಸವನ್ನು ಕೈ ಪಳಗುವವರೆಗೆ ಹಿರಿಯರಿಗೇ ಬಿಡಿ.

ದಿನಾಲು ಹತ್ತು ನಿಮಿಷ ಹಸುವಿನ ಮೈ ಸವರುವ ಬಾಲಕನಿಗೆ ಉಣುಗು, ಗಾಯ, ಬಾವುಗಳು ಎಲ್ಲರಿಗಿಂತ ಮೊದಲು ತಿಳಿಯುತ್ತವೆ. ಹೀಗೆ ತಿಳಿದ ರೋಗಕ್ಕೆ ಮದ್ದು ಸುಲಭ. ಮಾತಾಪಿತರು ಯಂತ್ರಕ್ಕೆ ಹಣ ವ್ಯಯಿಸುವ ಮುನ್ನ ಮಗುವಿನಲ್ಲಿ ಈ ಅಭ್ಯಾಸವನ್ನು ಬೆಳೆಸಲಿ. ಹಸುವಿನ ವಿಶ್ವಾಸ ಗಳಿಸಿದ ಕೈಗೆ ಕ್ಲಿಪ್ಪರು ಉಪಕರಣ. ಗಳಿಸದ ಕೈಗೆ ಅದು ಆಯುಧವೇ ಸರಿ.