ಅಟ್ಟದ ಮೇಲಿನ ಮದುವೆ ಕೆಳಗಿಳಿಯುವುದು ಯಾವಾಗ?

ಚಿಕ್ಕಬಳ್ಳಾಪುರ: 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶಕ್ಕೆ ಬಣ್ಣದ ಟಿ.ವಿ. ಬಂತು. ಅದರ ಬೆನ್ನಿಗೇ ವಿಡಿಯೋ ಬಂತು. ಆಮೇಲೆ ಕೈಲಾದವರ ಮನೆ ಮದುವೆ ಎಂದರೆ ಹೆಗಲ ಮೇಲೆ ಕ್ಯಾಮೆರಾ ಹೊತ್ತವನು, ಪಕ್ಕದಲ್ಲಿ ಕಣ್ಣು ಕುಕ್ಕುವ ಲೈಟ್ ಹಿಡಿದ ಹುಡುಗ ಇರಲೇಬೇಕು ಎಂದಾಯಿತು. ಹಾಗೆ ಹಿಡಿಸಿದ ಕ್ಯಾಸೆಟ್ಟುಗಳು ಇಂದು ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಎಷ್ಟೋ ಮನೆಗಳ ಅಟ್ಟದಲ್ಲಿ, ಬೀರುವಿನ ತಳದಲ್ಲಿ ಧೂಳು ತಿನ್ನುತ್ತಿವೆ.

ಕ್ಯಾಸೆಟ್ ಏನೋ ಇದೆ, ಹಾಕಿ ನೋಡೋಕೆ ವಿ.ಸಿ.ಆರ್. ಎಲ್ಲಿದೆ ಸ್ವಾಮಿ? ಕೊನೆಯವರೆಗೂ ಅದನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಕೆಲಸ ನಿಲ್ಲಿಸಿತು. ಟೇಪಿನ ಆಯುಸ್ಸೂ ಮುಗಿಯುತ್ತಿದೆ. ಪ್ಲಾಸ್ಟಿಕ್ ಪಟ್ಟಿಗೆ ಅಂಟಿಸಿದ ಕಾಂತದ ಪುಡಿಯಲ್ಲೇ ಚಿತ್ರ, ದನಿ ಎಲ್ಲ ಇರುವುದು. ಶೀಟಿನ ಮನೆಯ ಕಾವಿಗೆ ಆ ಅಂಟು ಕೆಡುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ರೇಷ್ಮೆಹುಳುವಿಗೆ ಹಿತವಾದ ತೇವ ಟೇಪಿಗೆ ಶತ್ರು.

ಡಿವಿಡಿಗೆ ಇಳಿಸುವುದು ಬ್ರಹ್ಮವಿದ್ಯೆಯೇನಲ್ಲ. ವಿ.ಸಿ.ಆರ್.ನಿಂದ ಹಳದಿ, ಕೆಂಪು, ಬಿಳಿ ವೈರು ಎಳೆದು ಕ್ಯಾಪ್ಚರ್ ಕಾರ್ಡ್ ಮೂಲಕ ಕಂಪ್ಯೂಟರಿಗೆ ಕೊಡಬೇಕು. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು, ಅವಸರ ನಡೆಯದು. ಆಮೇಲೆ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಖಾಲಿ ಭಾಗ ಕತ್ತರಿಸಿ, ಬಣ್ಣ ಸರಿಪಡಿಸಿ 4.7 ಜಿ.ಬಿ.ಯ ಡಿವಿಡಿಗೆ ಹಾಕುವುದು. ಅದರಲ್ಲಿ ಎರಡು ಗಂಟೆ ಚೆನ್ನಾಗಿ ಹಿಡಿಸುತ್ತದೆ. ಮೂರು ಗಂಟೆ ತುರುಕಿದರೆ ಚಿತ್ರ ಮಸುಕು.

ಎಡವಟ್ಟಾಗುವುದು ಈ ಸಾಫ್ಟ್‌ವೇರಿನ ಹತ್ತಿರವೇ. "ಹಳೇ ಸೌಂಡು ಕರಕರ ಅನ್ನುತ್ತೆ, ಒಳ್ಳೇ ಹಾಡು ಹಾಕಿಕೊಡ್ಲಾ ಅಣ್ಣಾ?" ಎಂದು ಅಂಗಡಿಯವನು ಕೇಳುತ್ತಾನೆ. ಗಿರಾಕಿ ಹೂಂ ಎಂದರೆ ಅಲ್ಲಿಗೆ ಮುಗಿಯಿತು. ಧಾರೆ ಹೊತ್ತಿನ ಗಟ್ಟಿಮೇಳ, ಸೋಬಾನೆ ಹೇಳಿದ ಅಜ್ಜಿಯ ದನಿ, ಬೀಗರು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಆಡಿದ ತಮಾಷೆ, ಎಲ್ಲವೂ ಸಿನಿಮಾ ಹಾಡಿನ ಕೆಳಗೆ ಸಮಾಧಿ. ಮೊಬೈಲ್ ಬರುವ ಮೊದಲೇ ಕಣ್ಣು ಮುಚ್ಚಿದ ಅಜ್ಜಿಯ ದನಿ ಬೇರೆಲ್ಲಿ ಸಿಕ್ಕೀತು?

ಆದ್ದರಿಂದ ಮೊದಲು ಇದ್ದದ್ದು ಇದ್ದ ಹಾಗೆ ಒಂದು ಪ್ರತಿ ಮಾಡಿಸಿಕೊಳ್ಳಿ. ಅಲಂಕಾರವೆಲ್ಲ ಎರಡನೆಯ ಪ್ರತಿಗಿರಲಿ. ಕ್ಯಾಸೆಟ್ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ನಾಲಗೆ ಮುರಿದು ಕೊಟ್ಟರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗದು. ಬೂಷ್ಟು ಹಿಡಿದಿದ್ದರೆ ಒರೆಸಿ ಸ್ವಚ್ಛ ಮಾಡದೆ ಓಡಿಸಬೇಡಿ ಎನ್ನಿ. ಗೀರು ಬಿದ್ದರೆ ಡಿವಿಡಿಯೂ ಹೋಯಿತು. ಹೊಸ ಕಂಪ್ಯೂಟರುಗಳಲ್ಲಿ ಬಹಳಷ್ಟಕ್ಕೆ ಡಿವಿಡಿ ಹಾಕುವ ಜಾಗವೇ ಇಲ್ಲ. ಪೆನ್‌ಡ್ರೈವಿಗೂ ಹಾಕಿಸಿ, ಇನ್ನೊಂದು ಪ್ರತಿ ನೆಂಟರ ಮನೆಯಲ್ಲಿರಲಿ. ಕ್ಯಾಸೆಟ್ಟನ್ನು ಮಾತ್ರ ಮರೆಯದೆ ವಾಪಸ್ ತನ್ನಿ.

ಬರುವ ಭಾನುವಾರ ಒಮ್ಮೆ ಅಟ್ಟ ಹತ್ತಿ ನೋಡಬಾರದೇಕೆ?