ಬೊಕ್ಕಸದ ಬೀಗದ ಕೈ

1948ರ ಸೆಪ್ಟೆಂಬರಿನಲ್ಲಿ ಭಾರತದ ಅರ್ಥಸಚಿವರಾಗಿ ಬಂದ ಡಾ. ಜಾನ್ ಮಥಾಯ್ ಅವರು ಅರ್ಥಶಾಸ್ತ್ರವನ್ನು ಓದಿ, ಬೋಧಿಸಿ, ವ್ಯವಹಾರದಲ್ಲಿ ಒರೆಗೆ ಹಚ್ಚಿ ನೋಡಿದ್ದವರು. ಎರಡು ವರ್ಷ ತುಂಬುವ ಮೊದಲೇ ಅವರು ಆ ಸ್ಥಾನವನ್ನು ಬಿಟ್ಟರು. ಬಿಟ್ಟ ಕಾರಣವು ಇಂದಿಗೂ ವಿಚಾರಾರ್ಹವಾದುದು.

ಮಥಾಯ್ ಅವರು ಹುಟ್ಟಿದ್ದು 1886ರಲ್ಲಿ. ಮದರಾಸಿನಲ್ಲಿ ಓದಿ ಕೆಲಕಾಲ ವಕೀಲಿ ಮಾಡಿದರು. ತರುವಾಯ ಲಂಡನ್ನಿಗೆ ತೆರಳಿದರು. ಅಲ್ಲಿ ಅವರು ಆರಿಸಿಕೊಂಡ ವಿಷಯ ನಮ್ಮ ಹಳ್ಳಿಗಳ ಆಡಳಿತ: ಪಂಚಾಯಿತಿ, ಕೆರೆಕಟ್ಟೆಗಳ ಕೆಲಸ, ಊರಕಾವಲು, ಊರ ಶಾಲೆ. ಆ ಗ್ರಂಥ 1915ರಲ್ಲಿ ಸಿಡ್ನಿ ವೆಬ್ ಅವರ ಮುನ್ನುಡಿಯೊಂದಿಗೆ ಪ್ರಕಟವಾಯಿತು. ಮದರಾಸಿನಲ್ಲಿ ಪ್ರಾಧ್ಯಾಪಕರಾಗಿದ್ದು, ಮುಂದೆ ಸುಂಕ ಮಂಡಳಿಯ ಸದಸ್ಯರೂ ಅಧ್ಯಕ್ಷರೂ ಆದರು. 1940ರಲ್ಲಿ ಟಾಟಾ ಸಂಸ್ಥೆಗೆ ಹೋದರು. 1946ರ ಮಧ್ಯಂತರ ಸರ್ಕಾರದಲ್ಲಿ ಕೆಲವು ವಾರ ಅರ್ಥ ಖಾತೆ ಇವರ ಕೈಯಲ್ಲೇ ಇತ್ತು. ಲಿಯಾಕತ್ ಆಲಿ ಖಾನರು ಬಂದಾಗ ಅದು ಅವರಿಗೆ ಹೋಯಿತು. ಸ್ವಾತಂತ್ರ್ಯಾನಂತರ ಮಥಾಯ್ ಅವರು ಮೊದಲು ರೈಲ್ವೆ ಸಚಿವರಾದರು, ಆಮೇಲೆ ಅರ್ಥಸಚಿವರು.

ಅವರ ಕಾಲದ ದೊಡ್ಡ ಪರೀಕ್ಷೆ 1949ರ ಸೆಪ್ಟೆಂಬರಿನಲ್ಲಿ ಒದಗಿತು. ಬ್ರಿಟನ್ ತನ್ನ ಪೌಂಡಿನ ಬೆಲೆಯನ್ನು ಇಳಿಸಿತು. ಭಾರತವೂ ರೂಪಾಯಿಯ ಬೆಲೆಯನ್ನು ಅಷ್ಟೇ ಪ್ರಮಾಣದಲ್ಲಿ, ಅಂದರೆ ಶೇಕಡ 30.5ರಷ್ಟು, ಇಳಿಸಬೇಕಾಯಿತು. ಡಾಲರೊಂದಕ್ಕೆ ಸುಮಾರು 3 ರೂಪಾಯಿ 5 ಆಣೆ ತೆರುತ್ತಿದ್ದವರು 4 ರೂಪಾಯಿ 12 ಆಣೆ ತೆರಬೇಕಾಯಿತು. ಪಾಕಿಸ್ತಾನ ಮಾತ್ರ ತನ್ನ ನಾಣ್ಯದ ಬೆಲೆಯನ್ನು ಇಳಿಸಲಿಲ್ಲ. ಅಲ್ಲಿನ 100 ರೂಪಾಯಿಗೆ ಇಲ್ಲಿನ 144 ರೂಪಾಯಿ ಕೇಳಿದರು. ಸೆಣಬಿನ ಹೊಲಗಳು ಪೂರ್ವ ಬಂಗಾಳದಲ್ಲಿ, ಗಿರಣಿಗಳು ಕಲ್ಕತ್ತೆಯಲ್ಲಿ! ನಡುವಣ ವ್ಯಾಪಾರ ಕಟ್ಟಿಹೋಯಿತು. ಇಂಥ ಗಂಟನ್ನು ಬಿಡಿಸಲು ಯಾವ ಪಠ್ಯಪುಸ್ತಕದಲ್ಲಿ ಸೂತ್ರ ಸಿಕ್ಕೀತು?

1950ರ ಫೆಬ್ರುವರಿಯಲ್ಲಿ ಗಣರಾಜ್ಯದ ಮೊದಲ ಆಯವ್ಯಯ ಪತ್ರವನ್ನು ಮಂಡಿಸಿದವರೂ ಇವರೇ. ಮರುತಿಂಗಳು ಸರ್ಕಾರವು ಒಂದು ನಿರ್ಣಯದ ಮೂಲಕ ಯೋಜನಾ ಆಯೋಗವನ್ನು ಸ್ಥಾಪಿಸಿತು. ಅದಕ್ಕೆ ಸಂವಿಧಾನದ ವಿಧಿಯ ಆಧಾರವಿಲ್ಲ, ಪ್ರತ್ಯೇಕ ಕಾನೂನೂ ಇಲ್ಲ. ಪ್ರಧಾನಿ ನೆಹರೂ ಅವರೇ ಅಧ್ಯಕ್ಷರು. ಇದು ಸಮಾನಾಂತರ ಮಂತ್ರಿಮಂಡಲವಾದೀತು, ಅರ್ಥ ಇಲಾಖೆಯ ಹತೋಟಿ ಸಡಿಲವಾದೀತು ಎಂದು ಮಥಾಯ್ ಅವರು ಆಕ್ಷೇಪಿಸಿದರು. ಪಾಕಿಸ್ತಾನದೊಡನೆ ಆದ ನೆಹರೂ–ಲಿಯಾಕತ್ ಒಪ್ಪಂದವೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಆ ಬೇಸಿಗೆಯಲ್ಲೇ ರಾಜೀನಾಮೆಯಿತ್ತರು.

ಯೋಜನೆ ಎಂದರೇ ಅವರಿಗೆ ಆಗುತ್ತಿರಲಿಲ್ಲವೆಂದು ವಾಚಕರು ಭಾವಿಸಬಾರದು. 1944ರಲ್ಲಿ ಟಾಟಾ, ಬಿರ್ಲಾ ಮೊದಲಾದವರು ಹೊರತಂದ ‘ಬೊಂಬಾಯಿ ಯೋಜನೆ’ಗೆ ಇವರೂ ಸಹಿ ಹಾಕಿದ್ದರು. 15 ವರ್ಷಗಳಲ್ಲಿ 10,000 ಕೋಟಿ ರೂಪಾಯಿ ವೆಚ್ಚಮಾಡಿ ತಲಾ ಆದಾಯವನ್ನು ಇಮ್ಮಡಿಗೊಳಿಸುವ ಹವಣಿಕೆ ಅದು. ಈಗಿನ ತಕರಾರು ಬೇರೆ. ಮನೆಯಲ್ಲಿ ಒಬ್ಬರು ಮದುವೆಯ ಪಟ್ಟಿ ಬರೆಯುತ್ತಾರೆ, ಮತ್ತೊಬ್ಬರು ಹಣದ ಪೆಟ್ಟಿಗೆ ಕಾಯುತ್ತಾರೆ. ಸಾಲಗಾರ ಬಾಗಿಲಿಗೆ ಬಂದಾಗ ಉತ್ತರ ಹೇಳಬೇಕಾದವರು ಪೆಟ್ಟಿಗೆ ಕಾಯುವವರು. ಸಂಸತ್ತಿನ ಎದುರು ಎದ್ದುನಿಂತು ಪ್ರತಿಯೊಂದು ಕಾಸಿಗೂ ಲೆಕ್ಕ ಒಪ್ಪಿಸುವವರು ಅರ್ಥಸಚಿವರು. ಹಾಗಿರುವಾಗ ‘ಇಷ್ಟೇ, ಇನ್ನು ಸಾಧ್ಯವಿಲ್ಲ’ ಎನ್ನುವ ಹಕ್ಕೂ ಅವರಿಗಿರಬೇಕಷ್ಟೆ.

ಈ ವಾದದಲ್ಲಿ ಬಲವಿದೆಯೆಂದೇ ನನ್ನ ಎಣಿಕೆ. ಆದರೆ ಇನ್ನೊಂದು ಪಕ್ಷವನ್ನೂ ಹೇಳಬೇಕು. ವಿಭಜನೆಯ ಗಾಯ, ನಿರಾಶ್ರಿತರ ಹಿಂಡು, ಆಹಾರದ ಅಭಾವ ಇವುಗಳ ನಡುವೆ ವರ್ಷವರ್ಷದ ಆಯವ್ಯಯವನ್ನಷ್ಟೇ ನೆಚ್ಚಿ ದೇಶ ಕಟ್ಟುವುದು ದುಸ್ತರವಾಗಿತ್ತು. ಮಥಾಯ್ ಅವರ ತರುವಾಯ ಅರ್ಥಸಚಿವರಾದ ಸಿ. ಡಿ. ದೇಶಮುಖರು ಮೊದಲಿಂದಲೂ ಆಯೋಗದ ಸದಸ್ಯರಾಗಿದ್ದುದರಿಂದ ಬಿರುಕು ಸದ್ಯಕ್ಕೆ ಮುಚ್ಚಿತು.

ರಾಜೀನಾಮೆಯಿತ್ತವರನ್ನು ಸರ್ಕಾರ ದೂರವಿಡಲಿಲ್ಲ. ಇದು ಆ ಕಾಲದ ದೊಡ್ಡತನ. 1953ರಲ್ಲಿ ತೆರಿಗೆ ವಿಚಾರಣಾ ಆಯೋಗಕ್ಕೆ ಮಥಾಯ್ ಅವರೇ ಅಧ್ಯಕ್ಷರಾದರು. 1955ರಲ್ಲಿ ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕ್ ಆದಾಗ ಅದರ ಮೊದಲ ಅಧ್ಯಕ್ಷರೂ ಅವರೇ. ಬೊಂಬಾಯಿ, ಕೇರಳ ವಿಶ್ವವಿದ್ಯಾನಿಲಯಗಳ ಕುಲಪತಿಗಳಾಗಿದ್ದು 1959ರಲ್ಲಿ ತೀರಿಕೊಂಡರು.

ಅವರು ವಿರೋಧಿಸಿದ ಯೋಜನಾ ಆಯೋಗ ಆರು ದಶಕಗಳಿಗೂ ಮಿಗಿಲಾಗಿ ಬಾಳಿತು. 2014ರಲ್ಲಿ ಅದನ್ನು ಮುಚ್ಚುವ ನಿರ್ಧಾರವಾಯಿತು. 2015ರ ಜನವರಿಯಲ್ಲಿ ನೀತಿ ಆಯೋಗ ಬಂತು. ಈ ಹೊಸ ಆಯೋಗ ಸಲಹೆ ಕೊಡಬಹುದು; ರಾಜ್ಯಗಳಿಗೆ ಯೋಜನೆಯ ಹಣ ಹಂಚುತ್ತಿದ್ದ ಹಳೆಯ ಅಧಿಕಾರ ಅದಕ್ಕಿಲ್ಲ. ಆ ಅಧಿಕಾರ ಅರ್ಥ ಇಲಾಖೆಗೆ ಮರಳಿತು.